ಕಾಯುವ ಮಗುವಿಗೆ ಯಾರ ಭರವಸೆ?

ಡೇನಿಯಲ್ ಗೋಲ್‌ಮನ್‌ರ ‘ಇಮೋಷನಲ್ ಇಂಟೆಲಿಜೆನ್ಸ್’ ಪ್ರಕಟವಾದದ್ದು 1995ರಲ್ಲಿ. ಬುದ್ಧಿಮತ್ತೆಯ ಅಂಕಕ್ಕಿಂತ ಭಾವನೆಗಳನ್ನು ಅರಿತು ನಿಭಾಯಿಸುವ ಜಾಣ್ಮೆ ಬದುಕಿನಲ್ಲಿ ಹೆಚ್ಚು ಕೆಲಸಕ್ಕೆ ಬರಬಹುದು ಎಂಬುದು ಅದರ ತಿರುಳು. ರ‍್ಯಾಂಕಿನ ಹುಚ್ಚು ಹಿಡಿದ ನಮ್ಮ ಶಾಲೆಗಳಿಗೆ ಈ ಮಾತು ಖಂಡಿತ ಬೇಕಿತ್ತು. ಆದರೆ ಅದರ ಅತ್ಯಂತ ಪ್ರಸಿದ್ಧ ಉದಾಹರಣೆಯ ಬಗ್ಗೆ ನಮಗೆ ತಕರಾರಿದೆ.

ನಾಲ್ಕರ ಹರೆಯದ ಮಗುವಿನ ಮುಂದೆ ಒಂದು ಮಿಠಾಯಿ. ತಿನ್ನದೆ ಕಾದರೆ ಎರಡು ಸಿಗುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ನಡೆಸಿದ ಈ ಪ್ರಯೋಗದಲ್ಲಿ ಕಾದ ಮಕ್ಕಳು ಹದಿಹರೆಯದಲ್ಲಿ ಒತ್ತಡವನ್ನು ಚೆನ್ನಾಗಿ ಎದುರಿಸಿದರು, ಹೆಚ್ಚು ಅಂಕವನ್ನೂ ಗಳಿಸಿದರು ಎನ್ನುತ್ತಾರೆ ಗೋಲ್‌ಮನ್. ಹಾಗಾದರೆ ಕಾಯದ ಮಗುವಿನಲ್ಲೇ ಕೊರತೆಯೇ? 2013ರಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಇದೇ ಪ್ರಯೋಗವನ್ನು ತುಸು ಬದಲಿಸಿದರು. ಮೊದಲೇ ಕೊಟ್ಟ ಮಾತಿಗೆ ತಪ್ಪಿದ ಹಿರಿಯರ ಮುಂದೆ ಮಕ್ಕಳು ಕಾದದ್ದು ಸರಾಸರಿ 3 ನಿಮಿಷ. ಮಾತು ಉಳಿಸಿಕೊಂಡವರ ಮುಂದೆ 12 ನಿಮಿಷ. 2018ರಲ್ಲಿ ಸುಮಾರು 900 ಮಕ್ಕಳ ಮೇಲಿನ ಮತ್ತೊಂದು ಅಧ್ಯಯನ, ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ಹಿಡಿದಾಗ ಕಾಯುವಿಕೆಯ ಫಲ ಬಹುಪಾಲು ಕರಗಿಹೋಗುವುದನ್ನು ತೋರಿಸಿತು.

ಗೋಲ್‌ಮನ್‌ರಿಗೆ ಟಿಬೆಟಿನ ಧ್ಯಾನ ಪರಂಪರೆಯ ಮೇಲೆ ಅಪಾರ ಗೌರವ. ಅದೇ ಪರಂಪರೆಯ ಗ್ಯುದ್ಮೆದ್ ಮಠವಿರುವುದು ನಮ್ಮ ಗುರುಪುರದಲ್ಲಿ. ಮಂಗಳೂರಿನ ಪಕ್ಕದ್ದಲ್ಲ, ಹುಣಸೂರು ತಾಲೂಕಿನದು. 1970ರ ದಶಕದ ಆರಂಭದಲ್ಲಿ ಇಲ್ಲಿ ಟಿಬೆಟಿಯನ್ನರ ವಸಾಹತು ನೆಲೆಗೊಂಡಿತು. ಮೆಕ್ಕೆಜೋಳ ಮನೆ ನಡೆಸಲು ಸಾಲದೆ ಚಳಿಗಾಲದಲ್ಲಿ ಹೆತ್ತವರು ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಉಳಿಯುತ್ತಾರೆ. ಇಲ್ಲೇ ಹುಟ್ಟಿ ಬೆಳೆದರೂ ಪೌರತ್ವವಿಲ್ಲದ ಹುಡುಗ ಹದಿನಾರಾದೊಡನೆ ವಿದೇಶೀಯನೆಂದು ನೋಂದಣಿ ಪತ್ರ ಪಡೆಯಬೇಕು, ಅವಧಿ ಮುಗಿದಂತೆ ಅದನ್ನು ನವೀಕರಿಸುತ್ತಿರಬೇಕು. ಹದಿನಾರೆಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೇನು ಎಂದು ಯೋಚಿಸುವ ವಯಸ್ಸು. ಯಾವ ಧ್ಯಾನ ತರಗತಿ ಆ ಪತ್ರದ ಚಿಂತೆಯನ್ನು ಬಗೆಹರಿಸೀತು?

ಅದೇ ತಾಲೂಕಿನ ನಾಗಾಪುರದಲ್ಲಿ, ನಾಗರಹೊಳೆ ಕಾಡಿನಿಂದ 1999ರ ಆಸುಪಾಸಿನಿಂದ ಹೊರತಂದು ನೆಲೆಗೊಳಿಸಿದ ಆದಿವಾಸಿ ಕುಟುಂಬಗಳಿವೆ. ಭೂಮಿ, ಮನೆ, ಶಾಲೆಯ ಭರವಸೆಗಳ ಕಥೆಯನ್ನು ಅಲ್ಲಿನ ಹಿರಿಯರಿಂದಲೇ ಕೇಳಬೇಕು. ಸುತ್ತಲಿನ ಹೊಗೆಸೊಪ್ಪಿನ ರೈತರ ಮಕ್ಕಳಿಗೂ ಕಾಲೇಜು ಶುಲ್ಕವೆಂದರೆ ಹರಾಜಿನಲ್ಲಿ ಸಿಗುವ ದರವೇ. ಈ ಯಾವ ಮಗುವೂ ಕಾಯಲು ಅರಿಯದ್ದಲ್ಲ. ಅವರ ಮನೆಗಳು ಕಾಯುತ್ತಲೇ ದಶಕಗಳು ಕಳೆದಿವೆ.

ಭಾವನೆಗಳ ಪಾಠವೇ ಬೇಡವೆಂದು ನಾವು ಹೇಳುತ್ತಿಲ್ಲ. ಸಿಟ್ಟು, ದುಃಖಗಳಿಗೆ ಹೆಸರಿಡಲು ಕಲಿತ ಹುಡುಗ ತನ್ನನ್ನು ತಾನು ನೋಯಿಸಿಕೊಳ್ಳುವ ಮುನ್ನ ಯಾರ ಬಳಿಯಾದರೂ ಬಾಯಿಬಿಟ್ಟಾನು. ಆದರೆ ಒತ್ತಡದ ಮೂಲವನ್ನು ಮಗುವಿನ ಎದೆಯೊಳಗಷ್ಟೇ ಹುಡುಕುವ ಪ್ರಶ್ನಾವಳಿಗಳು ಅರ್ಧ ಸತ್ಯವನ್ನಷ್ಟೇ ಅಳೆಯುತ್ತವೆ. ಅವುಗಳನ್ನು ಹಂಚುವ ಶಾಲೆಗಳು ಇನ್ನೊಂದು ಪ್ರಶ್ನೆಯನ್ನೂ ಸೇರಿಸಲಿ: ದೊಡ್ಡವರು ನಿನಗೆ ಕೊಟ್ಟ ಮಾತುಗಳಲ್ಲಿ ಎಷ್ಟನ್ನು ಉಳಿಸಿಕೊಂಡಿದ್ದಾರೆ?