ಮಹಾವೀರಾಚಾರ್ಯನ ನಿರುದ್ಧಸೂತ್ರ

ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಜೈನಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಶಾಸ್ತ್ರಗ್ರಂಥಗಳಲ್ಲಿ ಗಣ್ಯವಾದುದೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಪಡಿಸಿದರು. ಭಿನ್ನರಾಶಿಗಳನ್ನು ನಿರೂಪಿಸುವ ಕಲಾಸವರ್ಣ ವ್ಯವಹಾರದಲ್ಲಿ ‘ನಿರುದ್ಧ’ವನ್ನು, ಎಂದರೆ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು, ಪಡೆಯುವ ಸೂತ್ರವೊಂದಿದೆ. ಈ ಸೂತ್ರದಲ್ಲಿ ಅವಿಭಾಜ್ಯ ಸಂಖ್ಯೆಗಳ ವಿವೇಚನೆಯೂ ಅಡಗಿದೆಯೆನ್ನಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸೂತ್ರದ ತಾತ್ಪರ್ಯವಿಷ್ಟೆ: ಛೇದಗಳ ಸಾಮಾನ್ಯ ಅಪವರ್ತಕಗಳನ್ನೂ ಭಾಗಿಸಿ ಬಂದ ಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ನಿರುದ್ಧವಾಗುತ್ತದೆ. ೧೨, ೧೮ ಎಂಬ ಛೇದಗಳನ್ನು ೬ರಿಂದ ಅಪವರ್ತಿಸಿದರೆ ಲಬ್ಧಗಳು ೨, ೩, ಗುಣಲಬ್ಧವು ೩೬. ಕ್ರಿ. ಶ. ೬೨೮ರಲ್ಲಿ ಬ್ರಹ್ಮಗುಪ್ತನು ವಿಧಿಸಿದಂತೆ ಛೇದಗಳನ್ನು ಪರಸ್ಪರ ಗುಣಿಸಿದರೆ ೨೧೬ ಬರುವುದು. ಲಾಘವವು ಸ್ಪಷ್ಟವಾಗಿದೆ. ಇಲ್ಲಿ ಅಪವರ್ತಕವಾದ ೬ ಅವಿಭಾಜ್ಯವಲ್ಲದಿದ್ದರೂ ಫಲವು ಶುದ್ಧವಾಗಿಯೇ ಬಂದಿರುವುದನ್ನು ಗಮನಿಸಬೇಕು. ಎರಡೇ ಛೇದಗಳಿರುವಲ್ಲಿ ಅವಿಭಾಜ್ಯ ಸಂಖ್ಯೆಗಳ ಅಪೇಕ್ಷೆಯೇ ಇಲ್ಲ.

ಛೇದಗಳು ಮೂರಾದಾಗ ತೊಡಕು ತಲೆದೋರುತ್ತದೆ. ೬, ೧೦, ೧೫ ಇವುಗಳಿಗೆಲ್ಲ ಸಾಮಾನ್ಯವಾದ ಅಪವರ್ತಕವು ೧ರ ಹೊರತು ಬೇರೊಂದಿಲ್ಲ. ‘ಸಾಮಾನ್ಯ’ವೆಂದರೆ ಮೂರಕ್ಕೂ ಸಾಮಾನ್ಯವೆಂದು ಅರ್ಥೈಸಿದರೆ ೯೦೦ ಬರುವುದು, ನಿಜವಾದ ನಿರುದ್ಧವು ೩೦. ಆದುದರಿಂದ ಎರಡೆರಡಕ್ಕೆ ಸಾಮಾನ್ಯವಾದವುಗಳನ್ನೂ ಗ್ರಹಿಸಬೇಕಾಗುತ್ತದೆ. ಹಾಗೆ ಗ್ರಹಿಸಿದರೂ ದೋಷವು ಪೂರ್ಣವಾಗಿ ಪರಿಹಾರವಾಗದು. ೧೨, ೮, ೬ ಇವುಗಳಲ್ಲಿ ೧೨ನ್ನೂ ೬ನ್ನೂ ಮೊದಲು ೬ರಿಂದ ಅಪವರ್ತಿಸಿದರೆ ೨, ೮, ೧ ಉಳಿಯುತ್ತವೆ. ಮತ್ತೆ ೨ರಿಂದ ಅಪವರ್ತಿಸಿದರೆ ೧, ೪, ೧. ಗುಣಲಬ್ಧವು ೪೮. ಆದರೆ ೨೪ನ್ನೇ ಮೂರೂ ಸಂಖ್ಯೆಗಳು ನಿಶ್ಶೇಷವಾಗಿ ಭಾಗಿಸುತ್ತವೆ. ೨, ೨, ೩ ಎಂದು ಅವಿಭಾಜ್ಯ ಸಂಖ್ಯೆಗಳಿಂದಲೇ ಅಪವರ್ತಿಸಿದ್ದರೆ ೨೪ ತಾನಾಗಿ ದೊರೆಯುತ್ತಿದ್ದಿತು. ಪಾಠಶಾಲೆಗಳಲ್ಲಿ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸುವಂತೆ ವಿಧಿಸುವುದರ ಮರ್ಮವು ಇದೇ.

ಈ ನಿಯಮವು ಸೂತ್ರದ ಮಾತುಗಳಲ್ಲಿಲ್ಲ, ವ್ಯಾಖ್ಯಾನದಿಂದ ಪೂರೈಸಿಕೊಳ್ಳತಕ್ಕದ್ದು. ಅವಿಭಾಜ್ಯ ಸಂಖ್ಯೆಗಳನ್ನು ಆಶ್ರಯಿಸದ ಮಾರ್ಗವೂ ಉಂಟು. ಗ್ರೀಕ್ ಗಣಿತಜ್ಞನಾದ ಯೂಕ್ಲಿಡನು ತನ್ನ ಗ್ರಂಥದ ೭ನೆಯ ಭಾಗದಲ್ಲಿ ಮೊದಲೆರಡು ಸಂಖ್ಯೆಗಳ ಅಪವರ್ತ್ಯವನ್ನು ಸಾಧಿಸಿ, ಅದನ್ನು ಮೂರನೆಯದರೊಡನೆ ಕೂಡಿಸಿ ನೋಡುತ್ತಾನೆ. ೧೨, ೮ಕ್ಕೆ ೨೪. ೨೪, ೬ಕ್ಕೆ ೨೪. ಮಹಾವೀರನ ಸೂತ್ರವನ್ನೂ ಈ ಕ್ರಮದಲ್ಲಿ ಎರಡೆರಡು ಛೇದಗಳಿಗೆ ಅನ್ವಯಿಸಿದರೆ ಯಾವ ದೋಷವೂ ಉಳಿಯುವುದಿಲ್ಲ.

ಹೀಗಿರುವಲ್ಲಿ ಸೂತ್ರದಿಂದ ಅವಿಭಾಜ್ಯ ಸಂಖ್ಯೆಗಳ ಸಿದ್ಧಾಂತವನ್ನು ಹೊರಡಿಸುವುದು ಭಕ್ತಿಯ ಮಾತಾದೀತೇ ಹೊರತು ವಿಮರ್ಶೆಯಾಗಲಾರದು. ಅಂತೆಯೇ ಪದ್ಯದ ಸಂಕ್ಷೇಪವನ್ನೇ ಅಜ್ಞಾನವೆಂದೆಣಿಸುವುದೂ ನ್ಯಾಯವಲ್ಲ. ಸೂತ್ರವು ಗುರುಮುಖವನ್ನು ನಿರೀಕ್ಷಿಸುವ ರಚನೆ. ಗ್ರಂಥಕಾರನು ನುಡಿದುದಾವುದು, ಓದುವವನು ತುಂಬಿದುದಾವುದು ಎಂಬ ವಿವೇಕವನ್ನು ಕಾವ್ಯದಲ್ಲಿ ಹೇಗೋ ಹಾಗೆಯೇ ಶಾಸ್ತ್ರದಲ್ಲಿಯೂ ಕಾಪಾಡಬೇಕು. ಅತಿಶಯೋಕ್ತಿಯನ್ನು ಕಳೆದ ಮೇಲೂ ಆಚಾರ್ಯನಿಗೆ ಸಲ್ಲುವ ಗೌರವವು ಕಡಮೆಯಾಗುವುದಿಲ್ಲ.