ಮೊದಲ ಹನಿಗೆ ನಿಲ್ಲದ ಆಟ

1998ರ ಜೂನ್ 28ರ ರಾತ್ರಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ ಸಿವಿಕ್ ಅರೀನಾದಲ್ಲಿ ನಡೆದ ‘ಕಿಂಗ್ ಆಫ್ ದ ರಿಂಗ್’ ಎಂಬ ಕುಸ್ತಿ ಪ್ರದರ್ಶನ ಒಂದೇ ಒಂದು ದೃಶ್ಯವಾಗಿ ಜನರ ನೆನಪಿನಲ್ಲಿ ಉಳಿದಿದೆ. ಹದಿನಾರು ಅಡಿ ಎತ್ತರದ ಕಬ್ಬಿಣದ ಬಲೆಯ ಪಂಜರ. ಅದರ ನೆತ್ತಿಯ ಮೇಲೆ ಅಂಡರ್‌ಟೇಕರ್ ಮತ್ತು ಮ್ಯಾನ್‌ಕೈಂಡ್. ಅಂಡರ್‌ಟೇಕರ್ ಎದುರಾಳಿಯನ್ನು ಹಿಡಿದು ಅಂಚಿನಿಂದ ಕೆಳಕ್ಕೆ ಎಸೆಯುತ್ತಾನೆ. ಮ್ಯಾನ್‌ಕೈಂಡ್ ವೀಕ್ಷಕ ವಿವರಣೆಕಾರರ ಮೇಜಿನ ಮೇಲೆ ಬೀಳುತ್ತಾನೆ, ಮೇಜು ಪುಡಿಯಾಗುತ್ತದೆ. ಕುಸ್ತಿಯ ಗಂಧಗಾಳಿ ಇಲ್ಲದವರೂ ಈ ತುಣುಕನ್ನು ಎಲ್ಲೋ ಒಮ್ಮೆ ನೋಡಿರುತ್ತಾರೆ. ಪ್ರದರ್ಶನಕ್ಕೆ ಹೆಸರು ಬಂದದ್ದೇ ಅಂದು ಮುಗಿದ ಒಂದು ಪಂದ್ಯಾವಳಿಯಿಂದ. ಅದರ ಫೈನಲ್‌ನಲ್ಲಿ ಕೆನ್ ಶ್ಯಾಮ್‌ರಾಕ್ ಗೆದ್ದ, ರಾಕ್ ಸೋತ. ಅದನ್ನೀಗ ಕೇಳುವವರಿಲ್ಲ.

ಅದೇ ರಾತ್ರಿಯ ಕೊನೆಯ ಪಂದ್ಯವನ್ನೂ ಹೆಚ್ಚಿನವರು ಮರೆತಿದ್ದಾರೆ. ಚಾಂಪಿಯನ್ ಪಟ್ಟಕ್ಕಾಗಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಮತ್ತು ಕೇನ್ ನಡುವೆ ನಡೆದ ಆ ಪಂದ್ಯದ ಬಗೆಯ ಹೆಸರು ‘ಫಸ್ಟ್ ಬ್ಲಡ್’. ಬೆನ್ನು ನೆಲಕ್ಕೆ ತಾಗಿಸಬೇಕಿಲ್ಲ, ಮೂರು ಎಣಿಸಬೇಕಿಲ್ಲ. ಯಾರ ಮೈಯಿಂದ ಮೊದಲು ರಕ್ತ ಬರುತ್ತದೋ ಅವನು ಸೋತ, ಆಟ ಮುಗಿಯಿತು. ಚಾಮರಾಜನಗರದ ಕಡೆಯಿಂದ ಬಂದವರಿಗೆ ಈ ನಿಯಮ ವಿದೇಶಿ ಸರಕಲ್ಲ. ಪ್ರತಿ ವಿಜಯದಶಮಿಯಂದು ಮೈಸೂರು ಅರಮನೆಯ ಕರಿಕಲ್ಲು ತೊಟ್ಟಿಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ನಿಯಮವೂ ಇದೇ. ಮೈಸೂರು, ಬೆಂಗಳೂರು, ಚನ್ನಪಟ್ಟಣಗಳ ಜೊತೆಗೆ ಚಾಮರಾಜನಗರದ ಜಟ್ಟಿಗಳೂ ಅದರಲ್ಲಿ ಸೆಣಸುತ್ತಾರೆ. ತಲೆ ಬೋಳಿಸಿ, ಬಲಗೈಗೆ ಮೊನಚಾದ ಹಲ್ಲುಗಳ ಮುಷ್ಟಿಯಾಯುಧ ತೊಟ್ಟು ಮಣ್ಣಿನ ಅಂಕಣಕ್ಕೆ ಇಳಿಯುತ್ತಾರೆ. ಒಬ್ಬನ ನೆತ್ತಿಯಿಂದ ರಕ್ತ ಚಿಮ್ಮಿದ್ದೇ ತಡ, ಉಸ್ತಾದರು ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸುತ್ತಾರೆ. ಎಷ್ಟೋ ವರ್ಷ ಇದು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ರಕ್ತ ಕಂಡ ಮೇಲೆಯೇ ರಾಜಮನೆತನದವರ ವಿಜಯಯಾತ್ರೆ ಹೊರಡುವುದು.

ಪಿಟ್ಸ್‌ಬರ್ಗಿನ ಆ ಒಂದೇ ರಾತ್ರಿಯಲ್ಲಿ ಎರಡು ಬಗೆಯ ಆಟಗಳಿದ್ದವು. ಒಂದಕ್ಕೆ ಎಲ್ಲಿ ನಿಲ್ಲಬೇಕೆಂಬ ನಿಯಮವಿತ್ತು. ಇನ್ನೊಂದು ಎಲ್ಲಿ ನಿಲ್ಲಬೇಕಿತ್ತೋ ಅಲ್ಲಿ ನಿಲ್ಲಲಿಲ್ಲ. ನಾವು ನೆನಪಿಟ್ಟುಕೊಂಡದ್ದು ಎರಡನೆಯದನ್ನು. ಇಡೀ ಪ್ರದರ್ಶನವನ್ನು ಈಗ ಮತ್ತೆ ನೋಡುವಾಗ ನನ್ನನ್ನು ಕಾಡುವುದು ಇದೇ.

ಸಾಮಾನ್ಯವಾಗಿ ಎತ್ತುವ ಪ್ರಶ್ನೆ ಬೇರೆ: ಇದೆಲ್ಲ ನಿಜವೋ ಸುಳ್ಳೋ? ಪುಣಜನೂರಿನಂಥ ಕಾಡಂಚಿನ ಊರುಗಳಿಗೆ ಈ ಕುಸ್ತಿ ತಲುಪಿದ್ದು ತಡವಾಗಿ. ಮೊದಲು ಅಂಗಡಿಯಲ್ಲಿ ಮಾರುತ್ತಿದ್ದ ಟ್ರಂಪ್ ಕಾರ್ಡುಗಳಾಗಿ, ಆಮೇಲೆ ಡಿಶ್ ಆಂಟೆನಾ ಇದ್ದವರ ಮನೆಯ ಟೀವಿಯಾಗಿ. ಕಾರ್ಡಿನಲ್ಲಿ ಎತ್ತರ, ತೂಕ, ಎದೆಯಳತೆ ಇರುತ್ತಿದ್ದವು. ಅಂಡರ್‌ಟೇಕರ್ ಸತ್ತು ಎದ್ದು ಬಂದವನು ಎಂದು ನಾವೇ ಸೇರಿಸಿಕೊಳ್ಳುತ್ತಿದ್ದೆವು. ಹಿಂದೆ ಕೂತ ದೊಡ್ಡವರು ‘ಅದೆಲ್ಲ ನಾಟ್ಕ ಕನಾ’ ಎಂದು ನಗುತ್ತಿದ್ದರು. ಹಾಗೆಂದ ಅವರೇ ಮಂಟೇಸ್ವಾಮಿಯ ಕತೆಯನ್ನು ನೀಲಗಾರರ ಬಾಯಲ್ಲಿ ರಾತ್ರಿಯಿಡೀ ಕೇಳುತ್ತಿದ್ದರು. ಮುಂದೇನಾಗುತ್ತದೆ ಎಂದು ಎಲ್ಲರಿಗೂ ಗೊತ್ತಿದ್ದ ಆ ಕತೆಯನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ರನ್ನನ ಗದಾಯುದ್ಧ ಓದುವವರಿಗೆ ದುರ್ಯೋಧನನ ತೊಡೆ ಮುರಿಯುತ್ತದೆಂದು ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ಅವನ ಒಂದೊಂದು ಹೆಜ್ಜೆಯೂ ಭಾರವಾಗುತ್ತದೆ. ಫಲಿತಾಂಶ ಮೊದಲೇ ತೀರ್ಮಾನವಾಗಿದೆ ಎಂಬುದು ಕತೆಗೆ ಕುಂದಲ್ಲದ ಮೇಲೆ ಕುಸ್ತಿಗೆ ಯಾಕೆ ಕುಂದಾಗಬೇಕು?

ಫ್ರೆಂಚ್ ವಿಮರ್ಶಕ ರೋಲಾಂ ಬಾರ್ತ್ 1957ರ ‘ಮಿಥಾಲಜೀಸ್’ ಪುಸ್ತಕದ ಮೊದಲ ಪ್ರಬಂಧದಲ್ಲಿ ಇದನ್ನೇ ಹೇಳಿದ್ದ. ಪ್ಯಾರಿಸ್ಸಿನ ಮಂಕು ಹಾಲ್‌ಗಳಲ್ಲಿ ನಡೆಯುತ್ತಿದ್ದ ಕುಸ್ತಿಯನ್ನು ಅವನು ಕ್ರೀಡೆ ಎಂದು ನೋಡಲಿಲ್ಲ, ಪ್ರದರ್ಶನ ಎಂದು ನೋಡಿದ. ಅಲ್ಲಿ ಪ್ರೇಕ್ಷಕರಿಗೆ ಬೇಕಾದದ್ದು ನೋವಲ್ಲ, ನೋವಿನ ಚಿಹ್ನೆ. ಪೈಲ್ವಾನನ ಕೆಲಸ ಗೆಲ್ಲುವುದಲ್ಲ. ತನ್ನಿಂದ ಏನನ್ನು ನಿರೀಕ್ಷಿಸಲಾಗಿದೆಯೋ ಅದನ್ನು ಕೊನೆಯ ಸಾಲಿನವನಿಗೂ ಕಾಣುವಂತೆ ಮಾಡಿ ತೋರಿಸುವುದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಜನಪ್ರಿಯ ಸಂಸ್ಕೃತಿಯ ಬಗ್ಗೆ ಬರೆಯುವವರು ಈ ಪ್ರಬಂಧವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದರೆ, ಕುಸ್ತಿ ಎಂದ ಕೂಡಲೇ ಬಾರ್ತ್ ಎನ್ನುವುದು ಒಂದು ಚಟವಾಗಿದೆ. ನಾನೂ ಈಗ ಅದನ್ನೇ ಮಾಡಿದೆ. ಆದರೆ ಪಿಟ್ಸ್‌ಬರ್ಗಿನ ಪಂದ್ಯವನ್ನು ಪೂರ್ತಿ ನೋಡಿದರೆ ಬಾರ್ತ್ ನಮ್ಮ ಜೊತೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತಾನೆ.

ಮ್ಯಾನ್‌ಕೈಂಡ್ ಪಾತ್ರ ಮಾಡುತ್ತಿದ್ದವನ ಹೆಸರು ಮಿಕ್ ಫೋಲಿ. ಪಂಜರದ ಮೇಲಿನಿಂದ ಮೊದಲ ಸಲ ಬಿದ್ದದ್ದು ಇಬ್ಬರೂ ಮೊದಲೇ ಒಪ್ಪಿಕೊಂಡಿದ್ದ ಸಂಗತಿ. ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ಹೊರಗೆ ತಳ್ಳಿಕೊಂಡು ಹೋಗುತ್ತಾರೆ. ಆಟ ಇಲ್ಲಿಗೆ ಮುಗಿದಿದ್ದರೂ ಯಾರೂ ಟಿಕೆಟ್ಟಿನ ಹಣ ವಾಪಸು ಕೇಳುತ್ತಿರಲಿಲ್ಲ. ಫೋಲಿ ಸ್ಟ್ರೆಚರ್‌ನಿಂದ ಎದ್ದು, ಓಡಿ ಬಂದು, ಮತ್ತೆ ಪಂಜರ ಹತ್ತುತ್ತಾನೆ. ಮೇಲೆ ಅಂಡರ್‌ಟೇಕರ್ ಅವನ ಕತ್ತು ಹಿಡಿದು ಎತ್ತಿ ಬಲೆಯ ಮೇಲೆ ಕುಕ್ಕಿದಾಗ ಬಲೆಯ ಆ ಹಲಗೆ ಕಿತ್ತು ಬರುತ್ತದೆ. ಫೋಲಿ ನೇರ ಒಳಗಿನ ರಿಂಗ್‌ಗೆ ಬೀಳುತ್ತಾನೆ, ಜೊತೆಗೆ ಮೇಲಿದ್ದ ಕುರ್ಚಿ ಅವನ ಮುಖಕ್ಕೆ ಬಡಿಯುತ್ತದೆ. ಈ ಎರಡನೆಯ ಬೀಳುವಿಕೆ ಯಾರ ಯೋಜನೆಯಲ್ಲೂ ಇರಲಿಲ್ಲ. ಮುರಿದ ಹಲ್ಲಿನ ತುಂಡು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿಕೊಂಡಿತು.

ಇಲ್ಲಿಂದ ಮುಂದಿನ ಕೆಲವು ನಿಮಿಷಗಳೇ ಈ ಪ್ರದರ್ಶನದ ಅತ್ಯಂತ ಮುಖ್ಯ ಭಾಗ ಎಂದು ನನಗನ್ನಿಸುತ್ತದೆ, ಆದರೆ ಆ ಪ್ರಸಿದ್ಧ ತುಣುಕಿನಲ್ಲಿ ಇದು ಇರುವುದಿಲ್ಲ. ಜನ ರಿಂಗ್‌ಗೆ ನುಗ್ಗುತ್ತಾರೆ. ಅವರಲ್ಲಿ ಹಿರಿಯ ಪೈಲ್ವಾನ ಟೆರಿ ಫಂಕ್ ಇದ್ದಾನೆ. ಫೋಲಿ ಎಚ್ಚರವಾಗುವವರೆಗೆ ಹೊತ್ತು ಕಳೆಯಬೇಕು. ಹಾಗಾಗಿ ಫಂಕ್ ಅಂಡರ್‌ಟೇಕರ್‌ಗೆ ಅಡ್ಡ ನಿಂತು, ತಾನೇ ಎತ್ತಿ ಕುಕ್ಕಿಸಿಕೊಳ್ಳುತ್ತಾನೆ. ಆ ರಭಸಕ್ಕೆ ಅವನ ಬೂಟುಗಳು ಕಳಚಿ ಬೀಳುತ್ತವೆ. ನೋಡುವವನಿಗೆ ಇದು ಕತೆಯ ಒಂದು ತಿರುವು. ಒಳಗಿರುವವರಿಗೆ ಗೆಳೆಯನ ಪ್ರಜ್ಞೆ ಮರಳಲು ಕೊಟ್ಟ ಸಮಯ. ಒಂದೇ ಚಲನೆ ಎರಡು ಭಾಷೆಗಳಲ್ಲಿ ಓದಿಸಿಕೊಳ್ಳುತ್ತದೆ. ಕುಸ್ತಿ ಎಂಬ ಕಲೆ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದನ್ನು ಬಳಸಿದ್ದು ಮಾತ್ರ ಆಟವನ್ನು ನಿಲ್ಲಿಸುವುದಕ್ಕಲ್ಲ, ಮುಂದುವರಿಸುವುದಕ್ಕೆ. ಆಮೇಲೆ ರಿಂಗ್ ತುಂಬ ಮೊಳೆಪಿನ್ನುಗಳನ್ನು ಚೆಲ್ಲುತ್ತಾರೆ, ಫೋಲಿ ಅದರ ಮೇಲೂ ಬೀಳುತ್ತಾನೆ. ಕ್ಯಾಮೆರಾಕ್ಕೆ ಅವನು ನಗುತ್ತಿರುವಂತೆ ಕಾಣುತ್ತಾನೆ.

ಬಾರ್ತ್‌ನ ಪೈಲ್ವಾನ ನೋವನ್ನು ಅಭಿನಯಿಸುತ್ತಾನೆ. ಫೋಲಿ ನೋವನ್ನು ಅಭಿನಯಿಸಬೇಕಿರಲಿಲ್ಲ. ಅವನು ಅಭಿನಯಿಸಬೇಕಿದ್ದದ್ದು ಇನ್ನೂ ಆಡಬಲ್ಲೆ ಎಂಬುದನ್ನು. ಚಿಹ್ನೆ ಎಂಬುದು ತಲೆಕೆಳಗಾಗಿದೆ: ಮೈಯಲ್ಲಿ ನಡೆದದ್ದು ನಿಜ, ಎದ್ದು ನಿಲ್ಲುವುದು ನಾಟಕ. ನಮ್ಮ ಊರಿನ ದೊಡ್ಡವರಿಗೂ ಪ್ಯಾರಿಸ್ಸಿನ ಬಾರ್ತ್‌ನಿಗೂ ಇದಕ್ಕೆ ಉತ್ತರವಿರಲಿಲ್ಲ. ಇಬ್ಬರ ಗಮನವೂ ಕಾಣುವುದು ನಿಜವೋ ಅಲ್ಲವೋ ಎಂಬುದರ ಸುತ್ತಲೇ ಇತ್ತು. ಯಾರು, ಯಾವಾಗ ನಿಲ್ಲಿಸುತ್ತಾರೆ ಎಂದು ಇಬ್ಬರೂ ಕೇಳಲಿಲ್ಲ.

ಫೋಲಿಯನ್ನು ಬರಿಯ ಬಲಿಪಶು ಎಂದು ಬರೆದು ಮುಗಿಸುವುದೂ ಸೋಮಾರಿತನ. ಅವನು ತಾನೇ ಕೈಯಲ್ಲಿ ಬರೆದ ಆತ್ಮಕತೆ 1999ರಲ್ಲಿ ಬಂದು, ಅಮೆರಿಕದ ಹೆಚ್ಚು ಮಾರಾಟದ ಪುಸ್ತಕಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತನ್ನ ಕಸುಬಿನ ಬಗ್ಗೆ ಹಾಸ್ಯವಾಗಿ, ಚೆನ್ನಾಗಿ ಬರೆಯಬಲ್ಲ ಮನುಷ್ಯ ಅವನು. ಮೇಲಿನಿಂದ ಬೀಳುವ ಯೋಚನೆಗೆ ಒಪ್ಪಿದವನೂ ಅವನೇ. ಆದರೆ ಬಿದ್ದ ಮೇಲೆ ಒಪ್ಪಿಗೆ ಎಂಬುದಕ್ಕೆ ಏನರ್ಥ? ಅರೆಪ್ರಜ್ಞೆಯಲ್ಲಿರುವವನು ‘ಆಡುತ್ತೇನೆ’ ಎಂದರೆ ಆ ಮಾತು ಯಾರದು?

ಇದಕ್ಕೆ ಕ್ರೂರವಾದ ಅಡಿಟಿಪ್ಪಣಿ ಏಳು ತಿಂಗಳ ನಂತರ ಬಂತು. 1999ರ ಜನವರಿ 24ರ ‘ರಾಯಲ್ ರಂಬಲ್’ನಲ್ಲಿ ಫೋಲಿ ಮತ್ತು ರಾಕ್ ನಡುವೆ ‘ಐ ಕ್ವಿಟ್’ ಪಂದ್ಯ ನಡೆಯಿತು. ಒಬ್ಬ ತನ್ನ ಬಾಯಿಂದಲೇ ‘ನಾನು ಬಿಟ್ಟೆ’ ಎನ್ನುವವರೆಗೆ ಆಟ ನಿಲ್ಲದು. ಕೇಳಲು ಇದಕ್ಕಿಂತ ಮಾನವೀಯ ನಿಯಮವಿಲ್ಲ, ನಿಲ್ಲಿಸುವ ಹಕ್ಕು ನೋವುಣ್ಣುವವನ ಕೈಯಲ್ಲೇ ಇದೆ. ಫೋಲಿಯ ಕೈಗಳಿಗೆ ಹಿಂದಿನಿಂದ ಕೋಳ ಹಾಕಲಾಯಿತು. ತಲೆಗೆ ಕುರ್ಚಿಯೇಟು ಐದು ಎಂದು ಮಾತಾಗಿತ್ತು ಎಂದು ಆಮೇಲೆ ಫೋಲಿಯೇ ಹೇಳಿಕೊಂಡ, ಬಿದ್ದದ್ದು ಹನ್ನೊಂದು. ರಿಂಗ್ ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಮಕ್ಕಳು ಅಳುವುದು ‘ಬಿಯಾಂಡ್ ದ ಮ್ಯಾಟ್’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಕೊನೆಗೆ ಧ್ವನಿವರ್ಧಕದಲ್ಲಿ ‘ಬಿಟ್ಟೆ’ ಎಂಬ ಫೋಲಿಯ ದನಿ ಕೇಳಿ ಪಂದ್ಯ ಮುಗಿಯುತ್ತದೆ. ಕತೆಯ ಪ್ರಕಾರ ಅದು ಮೊದಲೇ ಮುದ್ರಿಸಿಟ್ಟ ದನಿ. ನಿಲ್ಲಿಸು ಎನ್ನುವ ಮಾತನ್ನೂ ಆಟ ನುಂಗಿ ತನ್ನದೊಂದು ತಿರುವಾಗಿ ಮಾಡಿಕೊಂಡಿತು.

ಅದೇ ವರ್ಷ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ, ‘ಓವರ್ ದ ಎಜ್’ ಪ್ರದರ್ಶನದಲ್ಲಿ, ಛಾವಣಿಯಿಂದ ಹಗ್ಗದಲ್ಲಿ ಇಳಿದು ಬರಬೇಕಿದ್ದ ಓವನ್ ಹಾರ್ಟ್ ಕೊಂಡಿ ಬಿಟ್ಟುಕೊಂಡು ಎಪ್ಪತ್ತಕ್ಕೂ ಹೆಚ್ಚು ಅಡಿ ಎತ್ತರದಿಂದ ಬಿದ್ದು ಸತ್ತ. ಟೀವಿಯಲ್ಲಿ ಆ ಹೊತ್ತಿಗೆ ಬೇರೊಂದು ತುಣುಕು ಓಡುತ್ತಿದ್ದುದರಿಂದ ಮನೆಯಲ್ಲಿ ಕೂತವರು ಅದನ್ನು ಕಾಣಲಿಲ್ಲ. ವೀಕ್ಷಕ ವಿವರಣೆಗಾರ ಜಿಮ್ ರಾಸ್, ಇದು ನಮ್ಮ ಮನರಂಜನೆಯ ಭಾಗವಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಹನ್ನೊಂದು ತಿಂಗಳ ಹಿಂದೆ ಫೋಲಿ ಬಿದ್ದಾಗ, ಕೊಂದೇಬಿಟ್ಟರು ಎಂದು ಗಂಟಲು ಹರಿಯುವಂತೆ ಕೂಗಿದ್ದ ದನಿಯೂ ಅದೇ. ಆ ಕೂಗು ಇಂದಿಗೂ ಆ ತುಣುಕಿನ ಅರ್ಧ ಜೀವ. ಆದರೆ ಸಾವು ನಿಜವಾಗಿ ಬಂದಾಗ ಅವನ ಬಳಿ ಸಾವಿಗೆ ಪದ ಉಳಿದಿರಲಿಲ್ಲ. ಇಲ್ಲ, ಇದು ಬೇರೆ ಎಂದಷ್ಟೇ ಹೇಳಬಹುದಿತ್ತು. ಓವನ್ ಸತ್ತ ಸುದ್ದಿಯನ್ನು ಟೀವಿಯ ಮುಂದಿದ್ದವರಿಗೆ ತಿಳಿಸಿದರು, ಅರೀನಾದಲ್ಲಿದ್ದ ಜನರಿಗೆ ತಿಳಿಸಲಿಲ್ಲ. ಉಳಿದ ಪಂದ್ಯಗಳು ಅದೇ ರಿಂಗ್‌ನಲ್ಲಿ ನಡೆದವು.

ಇಷ್ಟೆಲ್ಲ ಹೇಳಿ ಅರಮನೆಯ ಜಟ್ಟಿಕಾಳಗವೇ ಮೇಲು ಎಂದು ತೀರ್ಪು ಕೊಡುವುದು ಸುಲಭ, ಮತ್ತು ಅಪ್ರಾಮಾಣಿಕ. ರಕ್ತ ಕಂಡ ಮೇಲೆಯೇ ರಾಜ ಹೊರಡುವ ಆಚರಣೆಯಲ್ಲಿ ಜಟ್ಟಿಯ ನೆತ್ತಿ ರಾಜನ ವಿಜಯಕ್ಕೆ ಸಲ್ಲುವ ಕಾಣಿಕೆ. ಯಾರು ಗೆದ್ದ ಎಂಬುದು ಅಲ್ಲಿ ಮುಖ್ಯವೇ ಅಲ್ಲ. ಹೊಟ್ಟೆಪಾಡಿನ ಕುಸ್ತಿ ಅಮೆರಿಕದ ಆವಿಷ್ಕಾರವೂ ಅಲ್ಲ: 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವನ್ನೇ ಇಟ್ಟು, ಜ್ಯೇಷ್ಠಿಕ ಮೊದಲಾಗಿ ಮಲ್ಲರ ದರ್ಜೆಗಳನ್ನು ಬರೆದಿದ್ದಾನೆ. ವಿನೋದ ಎಂಬ ಪದವನ್ನು ಗಮನಿಸಿ. ವಿನೋದ ನೋಡುವವನದು. ಇನ್ನು, ಮೊದಲ ಹನಿಗೆ ನಿಲ್ಲಿಸುವ ಸಂಯಮ ಅನಾದಿಯಿಂದ ಬಂದದ್ದು ಎಂದುಕೊಳ್ಳುವುದಕ್ಕೂ ಆಧಾರವಿಲ್ಲ. 16ನೇ ಶತಮಾನದ ಆರಂಭದಲ್ಲಿ ವಿಜಯನಗರದ ಮಹಾನವಮಿ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಲ್ಲು ಮುರಿದು ಕಣ್ಣು ಹೋಗುವಂಥ ಏಟುಗಳನ್ನೂ, ಗೆಳೆಯರು ಹೊತ್ತೊಯ್ಯಬೇಕಾದ ಮಲ್ಲರನ್ನೂ ವರ್ಣಿಸುತ್ತಾನೆ. ಪಿಟ್ಸ್‌ಬರ್ಗಿನ ಸ್ಟ್ರೆಚರ್‌ಗೂ ಅದಕ್ಕೂ ಬಹಳ ದೂರವಿಲ್ಲ. ಅಲ್ಲಿಂದ ಇಲ್ಲಿಗೆ ಬರುವ ದಾರಿಯಲ್ಲಿ ಎಲ್ಲೋ ಯಾರೋ ಕೈ ಅಡ್ಡ ಹಿಡಿದಿದ್ದಾರೆ. ಉಸ್ತಾದನ ಆ ಕೈಯೇ ನನಗೆ ಬೇಕಾದದ್ದು, ರಾಜನ ಮೆರವಣಿಗೆಯಲ್ಲ.

ಅಮೆರಿಕದಲ್ಲೂ ಆ ಕೈ ತಡವಾಗಿ ಬಂತು. ತಲೆಗೆ ಕುರ್ಚಿಯಿಂದ ಹೊಡೆಯುವುದನ್ನು ಕಂಪನಿ 2010ರಲ್ಲಿ ನಿಷೇಧಿಸಿತು. ‘ಓವರ್ ದ ಎಜ್’ ಪ್ರದರ್ಶನವನ್ನು 2014ರವರೆಗೆ ಎಲ್ಲೂ ಮತ್ತೆ ತೋರಿಸಲಿಲ್ಲ, ತೋರಿಸಿದಾಗಲೂ ಕತ್ತರಿಸಿಯೇ ತೋರಿಸಿದರು. ಫೋಲಿ ಬೀಳುವ ದೃಶ್ಯಕ್ಕೆ ಕತ್ತರಿ ಬಿದ್ದಿಲ್ಲ. ಕಂಪನಿ ಅದನ್ನು ತನ್ನ ಚರಿತ್ರೆಯ ಮಹಾಕ್ಷಣವೆಂದು ಇಂದಿಗೂ ಮೆರೆಸುತ್ತದೆ. ಒಂದು ಬೀಳುವಿಕೆ ಅವಮಾನ, ಇನ್ನೊಂದು ಆಭರಣ. ನಡುವಿನ ವ್ಯತ್ಯಾಸ ಒಬ್ಬ ಬದುಕಿದ, ಒಬ್ಬ ಬದುಕಲಿಲ್ಲ ಎಂಬುದಷ್ಟೇ.

ಆ ರಾತ್ರಿಯ ಕೊನೆಯ ಪಂದ್ಯಕ್ಕೆ ಬರೋಣ. ಕೇನ್ ಮುಖವಾಡ ತೊಟ್ಟು, ಮೈಪೂರ್ತಿ ಮುಚ್ಚುವ ಉಡುಗೆಯಲ್ಲಿ ಬಂದಿದ್ದಾನೆ. ರಕ್ತ ಬಂದರೂ ಕಾಣದು. ಸೋತರೆ ತನಗೆ ತಾನೇ ಬೆಂಕಿ ಹಚ್ಚಿಕೊಳ್ಳುತ್ತೇನೆ ಎಂದೂ ಶಪಥ ಮಾಡಿದ್ದಾನೆ. ಹನಿ ರಕ್ತಕ್ಕೆ ನಿಲ್ಲುವ ಆಟವೊಂದು ಆ ಕಾಲದ ಜನರಿಗೆ ಸಪ್ಪೆಯಾದೀತೆಂದು ಬರೆದವರಿಗೆ ಅನ್ನಿಸಿರಬೇಕು, ಅದಕ್ಕೇ ಬೆಂಕಿ. ಪಂದ್ಯ ಅರ್ಧದಲ್ಲಿದ್ದಾಗ ಓಲಾಡುತ್ತ ಒಬ್ಬ ಬರುತ್ತಾನೆ: ಫೋಲಿ. ಎರಡು ಸಲ ಅಷ್ಟೆತ್ತರದಿಂದ ಬಿದ್ದವನಿಗೆ ಅಂದಿನ ಪಾತ್ರ ಇನ್ನೂ ಬಾಕಿಯಿತ್ತು. ಅವನ ಹಿಂದೆಯೇ ಅಂಡರ್‌ಟೇಕರ್ ಬಂದು ಅವನತ್ತ ಬೀಸಿದ ಕುರ್ಚಿ ಆಸ್ಟಿನ್‌ಗೆ ತಗಲುತ್ತದೆ, ಆಸ್ಟಿನ್ ಹಣೆಯಿಂದ ರಕ್ತ. ಗಂಟೆ ಹೊಡೆಯುತ್ತಾರೆ, ಕೇನ್ ಚಾಂಪಿಯನ್. ಮರುರಾತ್ರಿಯೇ ಆಸ್ಟಿನ್ ಪಟ್ಟವನ್ನು ವಾಪಸು ಗೆದ್ದುಕೊಂಡ. ಅಂದಿನ ಲೆಕ್ಕದಲ್ಲಿ ರಾತ್ರಿಯ ಮೊದಲ ರಕ್ತ ಆಸ್ಟಿನ್‌ನದು.