ಕುದುರೆಯ ಲಯ, ಬೆನ್ನಟ್ಟಿಸಿಕೊಂಡವರ ಕೊರಳು

ದಲಿತ ವಿಮರ್ಶೆಯ ವಿಶೇಷಾಂಕಕ್ಕೆ ರಾಕ್ ಸಂಗೀತದ ಬಗ್ಗೆ ಬರೆಯುತ್ತೇನೆ ಅಂದಾಗ ಗೆಳೆಯರು ನಕ್ಕರು. ಚಳವಳಿಯಲ್ಲಿ ನನಗಿಂತ ಹೆಚ್ಚು ಬೆವರು ಸುರಿಸಿದ ಒಬ್ಬ, "ಏನಪ್ಪಾ, ಬರೆಯೋಕೆ ನಮ್ ಹಾಡು ಒಂದೂ ಸಿಗ್ಲಿಲ್ವಾ ನಿಂಗೆ?" ಎಂದು ಕೇಳಿದ. ಅವನ ನಗೆಯಲ್ಲಿ ಎರಡು ತಕರಾರುಗಳಿವೆ. ಒಂದು, ಇದು ಪರದೇಶದ ಸಂಗೀತ. ಇನ್ನೊಂದು, ಇದು ಬೆಂಗಳೂರಿನ ಇಂಗ್ಲಿಷ್ ಶಾಲೆಗಳಲ್ಲಿ ಓದಿದ ಉಳ್ಳವರ ಮಕ್ಕಳ ಗದ್ದಲ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇಷ್ಟು ಹೇಳಿ ಮುಗಿಸಿಬಿಟ್ಟರೆ ವಿಮರ್ಶೆ ಮಾಡಬೇಕಾದ ಕೆಲಸ ಹಾಗೇ ಉಳಿದುಹೋಗುತ್ತದೆ. ಒಂದು ಹಾಡು ಎಲ್ಲಿಂದ ಬಂತು, ಯಾರ ದುಡ್ಡಿನಲ್ಲಿ ಬಂತು ಅಂತ ನಾವು ಕೇಳುತ್ತೇವೆ. ಅದನ್ನು ಕೇಳುವವನು ಆ ಹಾಡಿನೊಳಗೆ ಎಲ್ಲಿ ನಿಂತಿರುತ್ತಾನೆ ಎಂಬ ಪ್ರಶ್ನೆಯನ್ನು ಮಾತ್ರ ಎತ್ತುವುದಿಲ್ಲ. ನಾನು ಇಪ್ಪತ್ತು ವರ್ಷ ಕಾದು ಕೇಳಿದ ಒಂದು ಕಾರ್ಯಕ್ರಮವನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ಎತ್ತುತ್ತಿದ್ದೇನೆ.

ನಮ್ಮೂರು ಬಂಗಾರಪೇಟೆ ಕಡೆ. ಸೋದರಮಾವ ಕೆ.ಜಿ.ಎಫ್. ಗಣಿಯಲ್ಲಿ ಕೂಲಿಯಾಗಿದ್ದರು. 1986ರ ಬೇಸಿಗೆ ರಜೆಯಲ್ಲಿ ಅವರ ಲೈನ್ ಮನೆಗೆ ಹೋಗಿದ್ದಾಗ ಪಕ್ಕದ ಮನೆಯ ಹುಡುಗನೊಬ್ಬ ಟೇಪ್‌ರೆಕಾರ್ಡರಿಗೆ ಒಂದು ಕ್ಯಾಸೆಟ್ ಹಾಕಿದ. ಯಾರದೋ ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ಮೇಲೆ ಬಾಲ್‌ಪೆನ್ನಿನಲ್ಲಿ 'ಐರನ್ ಮೇಡನ್' ಅಂತ ಬರೆದಿತ್ತು. ನನಗೆ ಒಂದು ಮಾತೂ ಅರ್ಥವಾಗಲಿಲ್ಲ. ಕನ್ನಡ ಮಾಧ್ಯಮದ ಹುಡುಗನಿಗೆ ಲಂಡನ್ನಿನ ಉಚ್ಚಾರಣೆ ಎಲ್ಲಿ ತಿಳಿಯಬೇಕು? ಆದರೆ ಅಷ್ಟು ಜೋರಾದ ಸದ್ದನ್ನು ಯಾರೂ "ಸಾಕು ನಿಲ್ಲಿಸೋ" ಅನ್ನದೆ ಕೇಳುತ್ತಿದ್ದಾರೆ ಎಂಬುದೇ ನನಗೆ ಹೊಸದಾಗಿತ್ತು. ನಮ್ಮ ಕೇರಿಯ ಸದ್ದಿಗೆ ಊರಿನವರು ಇಟ್ಟಿದ್ದ ಹೆಸರು ಒಂದೇ, ಗಲಾಟೆ.

ಉಳ್ಳವರ ಸಂಗೀತ ಅನ್ನುವವರು ಇದರ ಹುಟ್ಟನ್ನು ಸ್ವಲ್ಪ ನೋಡಬೇಕು. ಹೆವಿ ಮೆಟಲ್ ಬೆಳೆದದ್ದು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ನಡುವೆ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳುಗಳ ತುದಿ ಕೊಟ್ಟವನು. ಆ ಬೆರಳುಗಳಿಗೆ ಪ್ಲಾಸ್ಟಿಕ್ಕಿನ ಟೋಪಿ ಮಾಡಿಕೊಂಡು, ತಂತಿಗಳನ್ನು ಸಡಿಲಿಸಿಕೊಂಡು ನುಡಿಸಿದ. ಈ ಸಂಗೀತದ ಭಾರವಾದ ದನಿಗೆ ಅದೂ ಒಂದು ಕಾರಣ. 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಐರನ್ ಮೇಡನ್ ಕಟ್ಟಿದ ಸ್ಟೀವ್ ಹ್ಯಾರಿಸ್ ನಕ್ಷೆ ಬರೆಯುವ ಕೆಲಸ ಕಳೆದುಕೊಂಡ ಮೇಲೆ ಕೆಲಕಾಲ ಬೀದಿ ಗುಡಿಸಿದ್ದ. ಇಂಥ ಸಂಗತಿ ಓದಿದಾಗ "ಇವನೂ ನಮ್ಮವನೇ" ಎಂದು ಹಿಗ್ಗುವ ಆಸೆ ಆಗುತ್ತದೆ. ಹಂಗಂತ ಹಿಗ್ಗುವಂತಿಲ್ಲ. ಅಲ್ಲಿ ಪೊರಕೆ ಒಬ್ಬನ ಕೈಗೆ ಬಂದು ಹೋಗುತ್ತದೆ. ಇಲ್ಲಿ ಪೊರಕೆ ಜಾತಿಯ ಜೊತೆ ಹುಟ್ಟಿ ಅಪ್ಪನಿಂದ ಮಗನಿಗೆ, ಅವ್ವನಿಂದ ಮಗಳಿಗೆ ಬರುತ್ತದೆ. ವರ್ಗದ ಸಿಟ್ಟು ನಮಗೆ ಬೇಗ ಅರ್ಥವಾಗುತ್ತದೆ ನಿಜ, ಆದರೆ ಅದು ಜಾತಿಯ ಸಿಟ್ಟಿಗೆ ಪೂರ್ತಿ ಸಮ ಆಗುವುದಿಲ್ಲ. ಈ ಸಂಗೀತವನ್ನು ಕೇಳುವಾಗಲೆಲ್ಲ ನನ್ನೊಳಗೆ ಈ ಹತ್ತಿರ ಮತ್ತು ಈ ದೂರ ಎರಡೂ ಇದ್ದವು.

2007ರ ಮಾರ್ಚ್ 17, ಶನಿವಾರ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಭಾರತದ ತನ್ನ ಮೊದಲ ಕಾರ್ಯಕ್ರಮ ಕೊಟ್ಟಿತು. ಅವರಿಗಿಂತ ಮೊದಲು ದೆಹಲಿಯ ಪರಿಕ್ರಮ ತಂಡ ನುಡಿಸಿತು. 30 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು ಅಂತ ಸುದ್ದಿಯಾಯಿತು. ಈಶಾನ್ಯ ರಾಜ್ಯಗಳಿಂದ, ಕೇರಳದಿಂದ, ಮುಂಬೈಯಿಂದ ರೈಲು ಹತ್ತಿ ಬಂದಿದ್ದ ಹುಡುಗರು ನನ್ನ ಅಕ್ಕಪಕ್ಕದಲ್ಲೇ ಇದ್ದರು. ಎಲ್ಲರ ಮೈಮೇಲೆ ಕರಿ ಅಂಗಿ. ಟಿಕೆಟ್ಟಿಗೆ ನಾನು ಕೊಟ್ಟ ದುಡ್ಡನ್ನು ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಕತ್ತಲಾದ ಮೇಲೆ ಜನ ಮುಂದಕ್ಕೆ ನುಗ್ಗಿದರು. ಹೆಗಲಿಗೆ ಹೆಗಲು, ಬೆವರಿಗೆ ಬೆವರು. ಮುಂದಿದ್ದವನ ಬೆನ್ನಿಗೆ ನನ್ನ ಎದೆ ಒತ್ತಿಕೊಂಡಿತ್ತು, ಹಿಂದಿದ್ದವನ ಕೈ ನನ್ನ ತಲೆಯ ಮೇಲಿತ್ತು. ಬಿದ್ದ ಒಬ್ಬನನ್ನು ನಾಲ್ಕು ಕೈಗಳು ಎತ್ತಿ ನಿಲ್ಲಿಸಿದವು. ನೀರಿನ ಬಾಟಲಿ ಬಾಯಿಂದ ಬಾಯಿಗೆ ಹೋಯಿತು. ನೀನು ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ. ನಮ್ಮೂರ ಜಾತ್ರೆಯಲ್ಲಿ ತೇರಿನ ಮುಂದೆ ತಮಟೆ ಬಡಿಯುವುದಕ್ಕೆ ನಮ್ಮವರು ಬೇಕು, ತೇರಿನ ಹಗ್ಗ ಮುಟ್ಟುವುದಕ್ಕೆ ಬೇಡ. ಅಂಥ ಜಾತ್ರೆ ಕಂಡವನಿಗೆ ಈ ನೂಕುನುಗ್ಗಲು ಒಂದು ದೊಡ್ಡ ಬಿಡುಗಡೆ. ಅದನ್ನು 'ಭ್ರಮೆ' ಎಂದು ಕರೆದು ತಳ್ಳಿಹಾಕುವ ಪಂಡಿತರು ಒಮ್ಮೆ ನನ್ನ ಮೈಯಲ್ಲಿ ನಿಂತು ನೋಡಲಿ.

ಆದರೆ ಇಲ್ಲೊಂದು ಮಾತು ಸೇರಿಸಬೇಕು. ಅಲ್ಲಿ ಯಾರೂ ಜಾತಿ ಕೇಳಲಿಲ್ಲ ಅಂದರೆ, ಕೇಳುವ ಅಗತ್ಯವೇ ಬೀಳದ ಹಾಗೆ ಟಿಕೆಟ್ಟು ಮತ್ತು ಇಂಗ್ಲಿಷು ಆ ಮೊದಲೇ ಜರಡಿ ಹಿಡಿದಿದ್ದವು ಅಂತಲೂ ಅರ್ಥ. ಜರಡಿಯಿಂದ ತಪ್ಪಿಸಿಕೊಂಡು ಒಳಗೆ ಬಂದ ನನ್ನಂಥ ಕೆಲವರನ್ನು ಯಾರೂ ಗುರುತಿಸಲಿಲ್ಲ, ಅಷ್ಟೇ. ಗೊತ್ತಿಲ್ಲದೆ ಮುಟ್ಟುವುದಕ್ಕೂ ಗೊತ್ತಿದ್ದು ಮುಟ್ಟುವುದಕ್ಕೂ ಇರುವ ಅಂತರವೇ ನಮ್ಮ ಚಳವಳಿಯ ಇಡೀ ಕೆಲಸ.

ಈಗ ಹಾಡುಗಳಿಗೆ ಬರೋಣ. 'ದಿ ಟ್ರೂಪರ್' 1983ರ ಹಾಡು. 1854ರ ಕ್ರಿಮಿಯನ್ ಯುದ್ಧದಲ್ಲಿ, ಬಾಲಾಕ್ಲಾವಾದಲ್ಲಿ, ಮೇಲಿನವರ ಹುಕುಂ ಪಾಲಿಸಿ ಫಿರಂಗಿಗಳ ಬಾಯಿಗೆ ಕುದುರೆ ಓಡಿಸಿದ ಬ್ರಿಟಿಷ್ ಸವಾರನ ಕಥೆ. ಈ ಹಾಡಿಗೆ ಗಾಯಕ ಬ್ರೂಸ್ ಡಿಕಿನ್ಸನ್ ಹಳೆಯ ಸೈನಿಕರ ಕೆಂಪಂಗಿ ತೊಟ್ಟು ಬ್ರಿಟಿಷ್ ಬಾವುಟ ಬೀಸುವುದು ವಾಡಿಕೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಇದೇ ದೊಡ್ಡ ಅವಮಾನ. "ಅವರ ಬಾವುಟಕ್ಕೆ ನೀವು ಚಪ್ಪಾಳೆ ಹೊಡೀತೀರಲ್ರೀ!" ಅನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ನನ್ನದಾಗುವುದಿಲ್ಲ. 1818ರ ಜನವರಿ 1ರಂದು ಕೋರೆಗಾಂವ್‌ನಲ್ಲಿ ಪೇಶ್ವೆಯ ಸೈನ್ಯದ ಎದುರು ಕಂಪನಿಯ ಪಡೆಯಲ್ಲಿ ನಿಂತು ಸತ್ತವರಲ್ಲಿ ಮಹಾರರಿದ್ದರು. ಬಾಬಾಸಾಹೇಬರ ತಂದೆ ಬ್ರಿಟಿಷರ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಊರಿನಲ್ಲಿ ಚಪ್ಪಲಿ ಮೆಟ್ಟುವಂತಿಲ್ಲದವನ ಕಾಲಿಗೆ ಬೂಟು, ಮಕ್ಕಳ ಕೈಗೆ ಸ್ಲೇಟು ಬಂದದ್ದು ಆ ಅಂಗಿಯ ದಾರಿಯಲ್ಲಿ. ಅದೇ ಅಂಗಿ ನಮ್ಮವರನ್ನು ಯಾರ್ಯಾರದೋ ಯುದ್ಧಕ್ಕೆ ಕಳಿಸಿ ಕೊಂದದ್ದೂ ನಿಜ. ವಸಾಹತುಶಾಹಿ ಎಂಬ ಒಂದೇ ಪದದಿಂದ ಈ ಕೆಂಪಂಗಿಯನ್ನು ಓದಿ ಮುಗಿಸಲು ಬರುವುದಿಲ್ಲ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಇನ್ನೊಂದು ಹಾಡು, 1982ರ 'ರನ್ ಟು ದಿ ಹಿಲ್ಸ್'. ಬರೆದವನು ಹ್ಯಾರಿಸ್. ಅಮೆರಿಕದ ಮೂಲನಿವಾಸಿಗಳನ್ನು ಬಿಳಿಯರು ಅಟ್ಟಾಡಿಸಿ ಕೊಂದ ಚರಿತ್ರೆ ಇದರ ವಸ್ತು. ಹಾಡಿನ ಕಟ್ಟಡವನ್ನು ಗಮನಿಸಬೇಕು. ಮೊದಲ ಭಾಗ ಮೂಲನಿವಾಸಿಯ ಬಾಯಲ್ಲಿದೆ, ಅಲ್ಲಿ ಲಯ ತಡೆದು ತಡೆದು ನಡೆಯುತ್ತದೆ. ಎರಡನೆಯ ಭಾಗ ಬೆನ್ನಟ್ಟುವ ಸೈನಿಕನ ಬಾಯಿಗೆ ಬರುತ್ತದೆ, ಹಾಡು ನಾಗಾಲೋಟಕ್ಕೆ ಬೀಳುತ್ತದೆ. ಹ್ಯಾರಿಸನ ಬೇಸ್ ಗಿಟಾರು ಕುದುರೆಯ ಗೊರಸಿನ ಸದ್ದನ್ನೇ ನುಡಿಸುತ್ತದೆ. ಮುಂದಿನ ಭಾಗದಲ್ಲಿ ಹೊರಗೆ ನಿಂತು ನೋಡುವ ನಿರೂಪಕನಿದ್ದಾನೆ. ನಮ್ಮ ಮೈ ಕುಣಿಯುವುದು ಯಾವ ಲಯಕ್ಕೆ? ಕುದುರೆಯ ಲಯಕ್ಕೆ. ಕುದುರೆಯ ಮೇಲೆ ಕೂತವನು ಯಾರು? ಕೊಲ್ಲಲು ಹೊರಟವನು. ಹಾಡಿನ ಮರುಕ ಒಂದು ಕಡೆ ಇದೆ, ಹಾಡಿನ ಸುಖ ಇನ್ನೊಂದು ಕಡೆ ಇದೆ.

ಇನ್ನು ಪಲ್ಲವಿ. ಗುಡ್ಡಕ್ಕೆ ಓಡಿ, ಜೀವ ಉಳಿಸಿಕೊಳ್ಳಿ ಎಂಬ ಅರ್ಥದ ಕೂಗು ಅದು. ಕೂಗುತ್ತಿರುವವರು ಯಾರು? ತನ್ನ ಜನರನ್ನು ಎಚ್ಚರಿಸುವ ಮೂಲನಿವಾಸಿಯೋ, ಓಡುವವರನ್ನು ಕಂಡು ಗಹಗಹಿಸುವ ಸೈನಿಕನೋ? ಪಲ್ಲವಿ ಬರುವುದು ಸೈನಿಕನ ಮಾತು ಮುಗಿದ ಕೂಡಲೇ. ಹಾಡು ಉತ್ತರ ಹೇಳುವುದಿಲ್ಲ. ಆ ರಾತ್ರಿ ಇಡೀ ಮೈದಾನ ಖುಷಿಯಿಂದ ಅದನ್ನು ಕೂಗುತ್ತಿತ್ತು. ನಾನೂ ಕೂಗುತ್ತಿದ್ದೆ.

ನನ್ನ ಜಿಲ್ಲೆಯ ಇನ್ನೊಂದು ಮಾರ್ಚ್ ತಿಂಗಳು ಆಗ ಮನಸ್ಸಿಗೆ ಬಂತು. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟು ಕೊಂದಿದ್ದರು. ಅವರಿಗೆ ಓಡಲು ಗುಡ್ಡ ಬಿಡಿ, ಬಾಗಿಲೂ ಇರಲಿಲ್ಲ. 2006ರಲ್ಲಿ, ಅಂದರೆ ಈ ಕಾರ್ಯಕ್ರಮದ ಹಿಂದಿನ ವರ್ಷ, ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತ್ತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಓಡಿ ಎಂಬ ಕೂಗು ನಮ್ಮ ಕೇರಿಗಳಲ್ಲಿ ಹಾಡಿನ ಪಲ್ಲವಿ ಆಗಿ ಬಂದದ್ದಲ್ಲ. ಹಾಗಿರುವಾಗ ಆ ಮೈದಾನದಲ್ಲಿ ಒಂದೇ ಸಾಲನ್ನು ಕೂಗಿದ ಅಷ್ಟೂ ಜನರ ಕೊರಳು ಒಂದೇ ಅಲ್ಲ. ಒಬ್ಬನಿಗೆ ಅದು ಸಿನಿಮಾದ ಕುದುರೆ ಓಟ, ಇನ್ನೊಬ್ಬನಿಗೆ ಮನೆಯ ನೆನಪು. ಪಠ್ಯದ ಅರ್ಥ ಕೇಳುಗನ ಹುಟ್ಟಿನ ಜಾಗಕ್ಕೆ ತಕ್ಕಂತೆ ಸೀಳಿಹೋಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಹೆಚ್ಚು ಅಲ್ಲಿ ಕಲಿತೆ.

ಈ ಸಮಸ್ಯೆ ಕನ್ನಡ ವಿಮರ್ಶೆಗೆ ಹೊಸದೇನಲ್ಲ. 1933ರ 'ಚೋಮನ ದುಡಿ'ಯನ್ನು ನೆನೆಯಿರಿ. ಕಾರಂತರ ಮರುಕ ದೊಡ್ಡದು, ಪ್ರಾಮಾಣಿಕವಾದದ್ದು. ಆದರೆ ಚೋಮನ ಸಿಟ್ಟೆಲ್ಲ ದುಡಿಯೊಳಗೇ ಸದ್ದಾಗಿ ಅಲ್ಲೇ ಸಾಯುತ್ತದೆ. ಹೊರಗಿನವನ ಮರುಕಕ್ಕೆ ನಮ್ಮ ಸದ್ದು ಇಷ್ಟ, ಸದ್ದಿನ ಮುಂದಿನ ಹೆಜ್ಜೆ ಕಾಣುವುದಿಲ್ಲ. ಹ್ಯಾರಿಸನ ಹಾಡಿನಲ್ಲೂ ಮೂಲನಿವಾಸಿ ಮೊದಲ ಭಾಗ ಹಾಡಿ ಮರೆಯಾಗುತ್ತಾನೆ. ಇದಕ್ಕೆ ಎದುರಾಗಿ ಇಡಬೇಕಾದ ಉದಾಹರಣೆಯೂ ರಾಕ್‌ನಲ್ಲೇ ಇದೆ. ಮೂಲನಿವಾಸಿ ಹಿನ್ನೆಲೆಯ ಸೋದರರು ಕಟ್ಟಿದ ರೆಡ್‌ಬೋನ್ ತಂಡ 1973ರಲ್ಲೇ ವೂಂಡೆಡ್ ನೀ ಹತ್ಯಾಕಾಂಡದ ಬಗ್ಗೆ 'ನಾವು' ಎಂಬ ದನಿಯಲ್ಲಿ ಹಾಡಿತು. ಬೆನ್ನಟ್ಟಿಸಿಕೊಂಡವರೇ ಹಾಡಿದಾಗ ಪಲ್ಲವಿ ಯಾರದು ಎಂಬ ಅನುಮಾನ ಬರುವುದಿಲ್ಲ.

ಹಾಗಾದರೆ ಕುದುರೆಯ ಲಯಕ್ಕೆ ಕುಣಿದ ನನ್ನ ಸುಖವನ್ನು ಏನು ಮಾಡಲಿ, ಎಸೆದುಬಿಡಲೇ? ಇದಕ್ಕೆ ನಮ್ಮ ತಮಟೆಯೇ ಉತ್ತರ ಹೇಳಬೇಕು. ತಮಟೆ ಹೆಣದ ಮುಂದೆ ಬಡಿಯಿತು, ಮಾರಿಯ ಮುಂದೆ ಬಡಿಯಿತು, ಗೌಡನ ಹುಕುಂ ಸಾರುವುದಕ್ಕೂ ಬಡಿಯಿತು. ಬಿಟ್ಟಿಚಾಕರಿಯ ಗುರುತು ಅಂತಲೇ ಚಳವಳಿಯ ದಿನಗಳಲ್ಲಿ ಎಷ್ಟೋ ಹಳ್ಳಿಗಳಲ್ಲಿ ನಮ್ಮವರು ಅದನ್ನು ಬಡಿಯುವುದಿಲ್ಲ ಎಂದರು, ಹಾಗೆಂದದ್ದಕ್ಕೆ ಏಟು ತಿಂದರು. ಅದೇ ದಿನಗಳಲ್ಲಿ ಅದೇ ತಮಟೆ ಹೋರಾಟದ ಜಾಥಾಗಳ ಮುಂದೆಯೂ ಸದ್ದು ಮಾಡಿತು. ಡಿ.ಆರ್. ನಾಗರಾಜ್ ಎತ್ತಿದ ಸಾಂಸ್ಕೃತಿಕ ನೆನಪಿನ ಪ್ರಶ್ನೆ ಇರುವುದು ಇಲ್ಲೇ. ಬಿಡುವುದು ಎಷ್ಟು, ಉಳಿಸಿಕೊಳ್ಳುವುದು ಎಷ್ಟು? ಚರ್ಮ ಒಂದೇ, ಪೆಟ್ಟು ಒಂದೇ. ಯಾರ ಮಾತಿಗೆ, ಯಾರ ಇಚ್ಛೆಯಿಂದ ಬಾರಿಸುತ್ತಾರೆ ಎಂಬುದು ಬದಲಾಯಿತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅದು ಸಂತೋಷವೇ. ಆದರೆ ಅವರ ತಮಟೆಗೆ ಚಪ್ಪಾಳೆ ಹೊಡೆಯುವವರು ತಮ್ಮೂರಿನ ತಮಟೆಯವನನ್ನು ಎಲ್ಲಿ ಕೂರಿಸಿ ಊಟ ಬಡಿಸುತ್ತಾರೆ ಎಂಬ ಪ್ರಶ್ನೆ ಬಾಕಿ ಇದೆ.

ಲಯವನ್ನು ಸವಾರನಿಂದ ಕಿತ್ತುಕೊಳ್ಳಬಹುದು ಎಂಬುದಕ್ಕೆ 2018ರ ಜನವರಿ 6ರಂದು ಚೆನ್ನೈನ ಕೀಲ್ಪಾಕ್‌ನಲ್ಲಿ ಮೊದಲ ಕಾರ್ಯಕ್ರಮ ಕೊಟ್ಟ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಸಾಕ್ಷಿ. ಪಾ. ರಂಜಿತ್ ಮತ್ತು ಸಂಗೀತಗಾರ ಟೆನ್ಮಾ ಸೇರಿಸಿದ ಈ ತಂಡದಲ್ಲಿ ಉತ್ತರ ಚೆನ್ನೈನ ಗಾನಾ ಹಾಡುಗಾರರು, ಪರೈ, ರಾಕ್ ಗಿಟಾರು ಒಂದೇ ವೇದಿಕೆಗೆ ಬಂದವು. ಹೆಸರಿನ ಹಿಂದೆ ಅಯೋತಿದಾಸ ಪಂಡಿತರ 'ಜಾತಿಯಿಲ್ಲದ ತಮಿಳರು' ಎಂಬ ಕಲ್ಪನೆಯಿದೆ. ಆ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಕೆ.ಜಿ.ಎಫ್.ನ ಮಾರಿಕುಪ್ಪಂನಲ್ಲಿತ್ತು. ಅಂದರೆ ನನ್ನ ಮಾವನ ಲೈನ್ ಮನೆಗೆ ಐರನ್ ಮೇಡನ್ ಬರುವ ಎಷ್ಟೋ ಮೊದಲೇ ಜಾತಿಯಿಲ್ಲದವರ ಮಾತು ಆ ಗಣಿಗಳಿಗೆ ಬಂದಿತ್ತು. ಈ ಎರಡು ಸದ್ದುಗಳನ್ನು ಒಟ್ಟಿಗೆ ಕೇಳುವ ಕಿವಿ ನಮ್ಮಲ್ಲಿ ತಡವಾಗಿ ಬಂತು, ಅಷ್ಟೇ.

ನಮ್ಮ ವಿಮರ್ಶೆ ಇವತ್ತಿಗೂ ಹೆಚ್ಚಾಗಿ ಕವಿತೆ, ಕಾದಂಬರಿ, ಆತ್ಮಕಥೆಗಳ ಸುತ್ತ ತಿರುಗುತ್ತಿದೆ. ಹಾಸ್ಟೆಲ್ಲಿನ ನಮ್ಮ ಹುಡುಗ ಹುಡುಗಿಯರು ರಾತ್ರಿ ಕಿವಿಗೆ ಏನು ಹಾಕಿಕೊಂಡು ಮಲಗುತ್ತಾರೆ ಅಂತ ಅದು ವಿಚಾರಿಸಿಲ್ಲ. ಅವರು ಕೇಳುವುದನ್ನು ಬೈಯುವುದು ಸುಲಭ, ಹೊಗಳುವುದು ಇನ್ನೂ ಸುಲಭ. ಅದಕ್ಕಿಂತ ಅವರೇ ಬರೆಯಲಿ. ತಮಗೆ ಪ್ರಿಯವಾದ ಒಂದು ಹಾಡನ್ನು ತೆಗೆದುಕೊಂಡು, ಅದರ ಲಯ ಯಾರದು, ಮಾತು ಯಾರದು, ಪಲ್ಲವಿ ಕೂಗುವಾಗ ತಾವು ಯಾರ ಪಕ್ಕದಲ್ಲಿ ನಿಂತಿರುತ್ತೇವೆ ಎಂದು ಎರಡು ಪುಟ ಬರೆದರೂ ಸಾಕು. ಚರ್ಚೆ ಅಲ್ಲಿಂದ ಮುಂದುವರಿಯಲಿ.